ಕುತ್ತಿಗೆ ಇಪ್ಪತ್ತೆರಡು, ತೋಳು ಒಂಬತ್ತು

ಹೊರಗೆ ಚಳಿಗಾಲ, ನಮ್ಮ ಮನೆಯೊಳಗೆ ಮಾತ್ರ ಬೇಸಗೆ. ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿ ನಾನು ಉಣ್ಣೆಯ ಟೋಪಿ, ಮಫ್ಲರು, ಎರಡು ಸ್ವೆಟರು, ಕಾಲುಚೀಲ ಇಷ್ಟನ್ನೂ ಧರಿಸಿ, ಐದನೆಯ ನಂಬರಿನಲ್ಲಿ ತಿರುಗುತ್ತಿರುವ ಫ್ಯಾನಿನ ಕೆಳಗೆ ಕುಳಿತಿದ್ದೇನೆ. ಕಾಗದ ಹಾರಿಹೋಗದಿರಲೆಂದು ಅದರ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಇಟ್ಟಿದ್ದೇನೆ. (ಪೆಟ್ಟಿಗೆ ಬಿಸಿಯಾಗಿದ್ದರೆ ಇನ್ನೂ ಚೆನ್ನಾಗಿತ್ತು, ಕೈಯನ್ನಾದರೂ ಕಾಯಿಸಿಕೊಳ್ಳಬಹುದಿತ್ತು.) ಫ್ಯಾನನ್ನು ನಾಲ್ಕಕ್ಕೆ ಇಳಿಸುವ ಅಧಿಕಾರ ನನಗಿಲ್ಲ. ಒಮ್ಮೆ ಇಳಿಸಿದ್ದೆ. ಆ ಪ್ರಯೋಗವನ್ನು ಮತ್ತೊಮ್ಮೆ ಮಾಡುವಷ್ಟು ಆಯುಸ್ಸು ನನಗೆ ಉಳಿದಂತಿಲ್ಲ.

ನನ್ನ ಹೆಂಡತಿಗೆ ಐವತ್ತೊಂದು ವರ್ಷ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆಯಂಗಡಿ. ಹೆಂಗಸರ ಕೋಟುಗಳನ್ನು ಹೊಲಿಯುವುದು ಅವಳ ಕಸುಬು. ಗಿರಾಕಿಗಳ ಬಾಯಲ್ಲಿ ಅವಳು ಟೈಲರಮ್ಮ. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸುಣ್ಣದ ಬಿಲ್ಲೆಯಿಂದ ಗೆರೆ ಎಳೆದು, ದೊಡ್ಡ ಕತ್ತರಿಯನ್ನು ಹಾಯಿಸಿದಳೆಂದರೆ ಅದು ಬೆಣ್ಣೆಯಲ್ಲಿ ಹೋದಂತೆ ಹೋಗಬೇಕು. ಇಪ್ಪತ್ತಾರು ವರ್ಷಗಳಲ್ಲಿ ಅವಳ ಕೈಯಲ್ಲಿ ಒಂದೇ ಒಂದು ತೋಳೂ ಗಿಡ್ಡವಾಗಿರಲಿಲ್ಲ. ನಾನು ನಿವೃತ್ತ ಭಾಷಾ ಮೇಷ್ಟ್ರು. ಹುಡುಗಿಯರ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸಂಧಿಗಳನ್ನು ಬಿಡಿಸಿದವನು. ಮನೆಯಲ್ಲಿ ಬಿಡಿಸಲಾಗದ ಒಂದು ಸಂಧಿಯಲ್ಲಿ ಈಗ ಸಿಕ್ಕಿಕೊಂಡಿದ್ದೇನೆ.

ಇಲ್ಲೊಂದು ತಪ್ಪೊಪ್ಪಿಗೆ ಅಗತ್ಯ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗಲೆಲ್ಲ ಅವರ ತರಗತಿ ನನ್ನ ತಲೆಗೆ ಬರುತ್ತಿತ್ತು. ಎಲೆ, ಬೇರು, ಕಪ್ಪೆಯ ಹೃದಯ, ಇಲ್ಲಿಯವರೆಗೆ ಸರಾಗವಾಗಿ ಹೋಗುತ್ತಿದ್ದೆ. ಹನ್ನೊಂದನೆಯ ಪಾಠ ಬಂದ ಕೂಡಲೆ ನನಗೆ ಕೆಮ್ಮು ಶುರುವಾಗುತ್ತಿತ್ತು. “ಇದು ಬಹಳ ಸುಲಭ, ಮನೆಯಲ್ಲಿ ಓದಿಕೊಳ್ಳಿ” ಎಂದು ಹೇಳಿ ಒಂಬತ್ತು ಪುಟಗಳನ್ನು ಒಟ್ಟಿಗೆ ಹಿಡಿದು ಮಗುಚಿಬಿಡುತ್ತಿದ್ದೆ. ಹುಡುಗಿಯರು ಓದಿಕೊಂಡರೋ ಇಲ್ಲವೋ ತಿಳಿಯದು. ನಾನಂತೂ ಓದಿಕೊಳ್ಳಲಿಲ್ಲ. ಹೆಣ್ಣಿನ ಶರೀರದ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಕಪ್ಪೆಯ ಹೃದಯಕ್ಕೇ ನಿಂತುಹೋಗಿತ್ತು.

ಹೀಗಾಗಿ ಕಳೆದ ವರ್ಷ ನಮ್ಮ ಮನೆಯಲ್ಲಿ ಹವಾಮಾನ ಬದಲಾದಾಗ ನನಗೆ ತಲೆಬುಡ ತಿಳಿಯಲಿಲ್ಲ. ನಗುನಗುತ್ತ ಚಹಾ ಕುಡಿಯುತ್ತಿದ್ದವಳ ಕುತ್ತಿಗೆಯಿಂದ ಕೆಂಪು ಹತ್ತಿ ಹಣೆಯವರೆಗೆ ಏರುತ್ತಿತ್ತು, ಬೆವರು ಸುರಿಯುತ್ತಿತ್ತು, ಕಿಟಕಿ ತೆಗೆಯುತ್ತಿದ್ದಳು. ಐದು ನಿಮಿಷ ಕಳೆದರೆ ಅವಳಿಗೇ ಚಳಿ, ಕಿಟಕಿ ಮುಚ್ಚುತ್ತಿದ್ದಳು. ರೇಡಿಯೋದಲ್ಲಿ ಹವಾಮಾನ ವರದಿ ಕೇಳಿ ಒಮ್ಮೆ ಅತ್ತುಬಿಟ್ಟಳು. ಕಾರಣ ಕೇಳಿದರೆ, “ಎಲ್ಲೋ ಬೆಟ್ಟದ ಮೇಲೆ ಮಂಜು ಬೀಳ್ತಾ ಇದೆಯಂತೆ, ಅಲ್ಲಿರೋರು ಎಷ್ಟು ಸುಖವಾಗಿದ್ದಾರೋ” ಎಂದಳು. ಕತ್ತರಿ ಫ್ರಿಜ್ಜಿನಲ್ಲಿ ಸಿಕ್ಕಿತು. ಬೆಣ್ಣೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಸಿಕ್ಕಿತು, ಸ್ವಲ್ಪ ತಡವಾಗಿ.

ನಾನು ಸುಮ್ಮನಿರಬೇಕಿತ್ತು. ಮೇಷ್ಟ್ರಾದವನಿಗೆ ಅದೊಂದು ಬರುವುದಿಲ್ಲ.

“ನೀನು ಸ್ವಲ್ಪ ಶಾಂತವಾಗಿರಲು ಪ್ರಯತ್ನಿಸು” ಎಂದೆ.

“ನಾನು ಶಾಂತವಾಗೇ ಇದ್ದೀನಿ!”

ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಮಧ್ಯಾಹ್ನ ಅಂಗಡಿಯಿಂದ ಕರೆದಳು. ದನಿಯಲ್ಲಿ ಕೋಪವಿರಲಿಲ್ಲವಾದ್ದರಿಂದ ಓಡಿಹೋದೆ.

“ರೀ, ಇದೇನು ಹೇಳಿ?”

“ತೋಳು.”

“ಇದು?”

“ಅದೂ ತೋಳೇ.”

“ಎರಡೂ ಎಡಗೈದು ಕಣ್ರೀ. ಎರಡು ಸಲ ನೋಡಿ ಕತ್ತರಿಸಿದೆ. ಎರಡು ಸಲಾನೂ ಸರಿಯಾಗೇ ಕಾಣಿಸ್ತು.” ಸ್ಟೂಲಿನ ಮೇಲೆ ಕುಳಿತುಬಿಟ್ಟಳು. “ನಮ್ಮಮ್ಮ ಕೊನೇಲಿ ನನ್ನ ಹೆಸರನ್ನೇ ಮರೆತಿದ್ರು. ಅದೇ ನನಗೂ ಶುರುವಾಯ್ತು ಅನ್ಸುತ್ತೆ. ಈಗಲೇ.”

ನನ್ನ ಎದೆ ಧಸಕ್ಕೆಂದಿತು. ಆದರೆ ಎದೆ ಧಸಕ್ಕೆಂದಾಗ ಉಪದೇಶ ಮಾಡುವುದು ನನ್ನ ವೃತ್ತಿಧರ್ಮ. ಪರೀಕ್ಷೆಗೆ ಹೆದರಿದ ಹುಡುಗಿಯರಿಗೆ ಹೇಳುತ್ತಿದ್ದುದನ್ನೇ ಹೇಳಿದೆ: “ತಲೆಯನ್ನು ನಂಬಬೇಡ, ಬರೆದಿಟ್ಟದ್ದನ್ನು ನಂಬು. ಅಳತೆಪುಸ್ತಕದಲ್ಲಿ ಏನಿದೆಯೋ ಅಷ್ಟನ್ನೇ ಕತ್ತರಿಸು. ನಡುವೆ ನಿನ್ನ ಬುದ್ಧಿಯನ್ನು ತೂರಿಸಬೇಡ.”

“ಹಾಗೇ ಮಾಡ್ತೀನಿ” ಎಂದಳು. ಇಪ್ಪತ್ತೆಂಟು ವರ್ಷಗಳ ಸಂಸಾರದಲ್ಲಿ ಅವಳು ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು. ನಾನು ಆಗಲೇ ಗಾಬರಿಯಾಗಬೇಕಿತ್ತು, ಹಿಗ್ಗಿಹೋದೆ.

ಮರುದಿನ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಎದುರಿನ ಗೋಡೆಯ ಮೇಲೆ ಹನ್ನೊಂದನೆಯ ಪಾಠದ ಚಿತ್ರವಿತ್ತು. ನನಗೆ ಕೆಮ್ಮು ಬಂತು. ಅವಳು ಹೊರಗೆ ಬಂದು, “ಮುಟ್ಟು ನಿಲ್ಲೋ ಕಾಲವಂತೆ. ಅದಕ್ಕೇ ಬಿಸಿ, ನಿದ್ದೆಗೇಡು, ಮರೆವು ಎಲ್ಲ. ಅಮ್ಮನ ಕಾಯಿಲೆ ಬೇರೆ, ಇದು ಬೇರೆ ಅಂದ್ರು. ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಒಂದು ತಿಂಗಳು ಯಾವತ್ತು ಏನಾಗುತ್ತೆ ಅಂತ ಪುಸ್ತಕದಲ್ಲಿ ಬರೆದಿಟ್ಟು ತನ್ನಿ ಅಂತ ಹೇಳಿದ್ರು” ಎಂದಳು.

“ಹಾಗಾದರೆ ಬರೆ.”

“ನನಗೆಲ್ಲಿದೆ ಪುರುಸೊತ್ತು? ಬೆವರು ಒರೆಸಿಕೊಳ್ಳಲೋ, ಬರೆಯಲೋ?”

ಆ ಕ್ಷಣದಲ್ಲಿ ನನ್ನಲ್ಲಿ ನಿದ್ರಿಸುತ್ತಿದ್ದ ಶಿಕ್ಷಕನು ಎದ್ದು ಕುಳಿತನು. ವಾಚನಾಲಯದಿಂದ ಒಂದು ದಪ್ಪ ಪುಸ್ತಕವನ್ನು ತಂದು, ವೃತ್ತಪತ್ರಿಕೆಯ ಹೊದಿಕೆ ಹಾಕಿ, ಕಾಪಿ ಹೊಡೆಯುವ ವಿದ್ಯಾರ್ಥಿಯಂತೆ ಕದ್ದು ಓದಿದೆ. ಋತುಬಂಧ! ಅಂಡಾಶಯದಲ್ಲಿ ಈಸ್ಟ್ರೋಜೆನ್ ಎಂಬ ರಸ ತಯಾರಾಗುವುದು ಕಡಿಮೆಯಾಗುತ್ತದೆಯಂತೆ. ಮೈಯ ಶಾಖವನ್ನು ಕಾಯುವ ಮಿದುಳಿನ ಭಾಗಕ್ಕೆ ಲೆಕ್ಕ ತಪ್ಪಿ, ತಂಪಾಗಿರುವಾಗಲೂ ಬೆಂಕಿ ಬಿದ್ದಂತೆ ಗಂಟೆ ಬಾರಿಸುತ್ತದೆಯಂತೆ. ಎದೆ ಡವಗುಟ್ಟುವುದು, ಕೀಲುಗಳು ನೋಯುವುದು, ನಿದ್ರೆ ಹಾರುವುದು, ಮನಸ್ಸು ಕುಸಿಯುವುದು. ಸದ್ದಿಲ್ಲದೆ ಮೂಳೆಗಳು ಸವೆಯುವುದು. ಕೆಲವರಿಗೆ ಇದು ಏಳೆಂಟು ವರ್ಷ. (ಪುಸ್ತಕ ಮುಚ್ಚಿ ನನ್ನ ವಯಸ್ಸಿಗೆ ಎಂಟನ್ನು ಕೂಡಿಸಿದೆ. ಎಪ್ಪತ್ತೊಂದು. ಪುನಃ ತೆರೆಯುವ ಧೈರ್ಯ ಬರಲು ಒಂದು ದಿನ ಬೇಕಾಯಿತು.)

ಓದಿದ್ದನ್ನು ಹೇಳದೆ ಇರಲಾರದೆ ಊಟದ ಹೊತ್ತಿಗೆ ಪ್ರಾರಂಭಿಸಿದೆ: “ಈಸ್ಟ್ರೋಜೆನ್ ಎಂಬುದು…”

“ಉಪ್ಪು ಕೊಡಿ.”

“ಮೂಳೆಗಳ ಸಾಂದ್ರತೆಯು…”

“ಉಪ್ಪು ಕೇಳಿದೆ.”

ಪಾಠ ಅಲ್ಲಿಗೆ ಮುಗಿಯಿತು. ಮಾತಿನಿಂದ ಆಗದ್ದನ್ನು ಬರಹದಿಂದ ಮಾಡುವೆನೆಂದು ನಿಶ್ಚಯಿಸಿದೆ. ಡಾಕ್ಟರು ಕೇಳಿದ ಪುಸ್ತಕವನ್ನು ನಾನೇ ಬರೆಯುವುದು, ಅವಳಿಗೆ ತಿಳಿಯದಂತೆ! ತಿಂಗಳ ಕೊನೆಯಲ್ಲಿ ಅದನ್ನು ಮುಂದಿಟ್ಟಾಗ ಅವಳು ಕಣ್ಣೀರು ತುಂಬಿಕೊಂಡು “ನೀವು ಇಷ್ಟೆಲ್ಲ ಗಮನಿಸ್ತೀರಾ?” ಎನ್ನುವ ದೃಶ್ಯವನ್ನೂ ಮನಸ್ಸಿನಲ್ಲಿ ರಚಿಸಿಕೊಂಡೆ.

ಪುಸ್ತಕವನ್ನು ಬಚ್ಚಿಡುವುದು ಎಲ್ಲಿ? ಹಾಜರಿ ಪುಸ್ತಕದಂತಹುದನ್ನು ಕಂಡರೆ ಅವಳು ತೆರೆದೇ ತೆರೆಯುತ್ತಾಳೆ. ಅವಳ ಕಪಾಟಿನಲ್ಲಿ ನೀಲಿ ರಟ್ಟಿನ ಅಳತೆಪುಸ್ತಕಗಳು ಸಾಲಾಗಿ ನಿಂತಿದ್ದವು. ಪ್ರತಿ ಪುಟದಲ್ಲೂ ಮನೆಗಳು ಅಚ್ಚಾಗಿದ್ದವು: ತಾರೀಖು, ಕುತ್ತಿಗೆ, ಭುಜ, ಎದೆ, ಸೊಂಟ, ತೋಳು, ಉದ್ದ. ಗಿರಾಕಿಯ ಹೆಸರು ಬರೆಯುವ ಪದ್ಧತಿ ಅವಳದಲ್ಲ. ದಿನಕ್ಕೆ ಒಂದೇ ಕೋಟಿನ ಅಳತೆ ತೆಗೆಯುತ್ತಾಳೆ, ತಾರೀಖೇ ಹೆಸರು. ನಾನು ಬಳಸದ ಒಂದು ಪುಸ್ತಕವನ್ನು ತೆಗೆದುಕೊಂಡು, ಮನೆಗಳನ್ನು ನನ್ನ ವಿಷಯಗಳಿಗೆ ಹಂಚಿಕೊಟ್ಟೆ. ಕುತ್ತಿಗೆ ಎಂದರೆ ಬಿಸಿ. ಭುಜ ಎಂದರೆ ಕೀಲುನೋವು. ಎದೆ ಎಂದರೆ ಡವಡವ. ಸೊಂಟಕ್ಕೆ ಏನೂ ಹೊಳೆಯದೆ ಕೋಪವನ್ನು ಅಲ್ಲಿ ಕೂರಿಸಿದೆ. ತೋಳು ಎಂದರೆ ಅಕ್ಕರೆ. ಎಲ್ಲಕ್ಕೂ ಐವತ್ತಕ್ಕೆ ಅಂಕ. ಉದ್ದ ಮಾತ್ರ ಜಗಳದ್ದು. ಅದನ್ನು ನಿಮಿಷಗಳಲ್ಲಿ ಗುರುತಿಸುವುದು ನ್ಯಾಯವೆನಿಸಿತು. ಅವಳಂತೆಯೇ ಪೆನ್ಸಿಲಿನಲ್ಲಿ, ಅವಳಂತೆಯೇ ಏಳಕ್ಕೆ ನಡುವೆ ಗೀಟು ಹಾಕಿ ಬರೆದೆ. (ಕೆಂಪು ಶಾಯಿ ಇಲ್ಲದೆ ಅಂಕ ಕೊಡುವ ಸಂಕಟ ನನ್ನ ವೃತ್ತಿಬಾಂಧವರಿಗೇ ಗೊತ್ತು.) ದಿನವೂ ಸಂಜೆ ಬರೆದು, ಅವಳ ಪುಸ್ತಕದ ಪಕ್ಕದಲ್ಲೇ ನಿಲ್ಲಿಸಿಬಿಡುತ್ತಿದ್ದೆ. ಮರಗಳ ನಡುವೆ ಮರ! ಎಂತಹ ಜಾಣತನ!

ಹದಿನಾಲ್ಕನೆಯ ತಾರೀಖು ಹೆಡ್‌ಮೇಡಂ ಬಂದರು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ. ಹನ್ನೆರಡು ವರ್ಷ ನನ್ನ ಮೇಲಧಿಕಾರಿ. ತಿಂಗಳ ಕೊನೆಗೆ ಅವರ ನಿವೃತ್ತಿ. ಬೀಳ್ಕೊಡುಗೆಯ ದಿನಕ್ಕೆ ಒಂದು ಕೋಟು ಬೇಕಾಗಿತ್ತು. ಅವರನ್ನು ಕಂಡರೆ ಇಂದಿಗೂ ನನ್ನ ಕೈ ತಾನಾಗಿಯೇ ಅಂಗಿಯ ಮೇಲಿನ ಗುಂಡಿಯನ್ನು ಹಾಕುತ್ತದೆ. ನನ್ನವಳು ಅಳತೆ ತೆಗೆದಳು, ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅವರು ಹೋದ ಮೇಲೆ ಅವಳಿಗೂ ನನಗೂ ಕಿಟಕಿಯ ವಿಷಯದಲ್ಲಿ ದೀರ್ಘವಾದ ವಾಗ್ವಾದವಾಯಿತು. ನಾನು ಸಂಜೆ ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ವಾರ ಕಳೆದು ಮೇಡಂ ಕೋಟು ಹಾಕಿ ನೋಡಲು ಬಂದರು. ನಾನು ಒಳಗೆ ಪರದೆಯ ಹಿಂದೆ ಪತ್ರಿಕೆ ಓದುತ್ತಿದ್ದೆ. ಆಮೇಲೆ ಮೇಡಂ ಅವರ ದನಿ:

“ಟೈಲರಮ್ಮ, ಇದರಲ್ಲಿ ನನ್ನ ಜೊತೆ ಇನ್ನೂ ಯಾರಾದ್ರೂ ಬರೋದಿದೆಯಾ?”

ಪರದೆಯನ್ನು ಸರಿಸಿ ನೋಡಿದೆ. ನೋಡಬಾರದಿತ್ತು. ಕುತ್ತಿಗೆ ಬಾವಿಯಂತೆ ಬಾಯಿ ಬಿಟ್ಟು ಒಂದು ಭುಜವನ್ನು ದಾಟಿ ಜಾರಿತ್ತು. ಎದೆಯ ಬಳಿ ಗುಂಡಿಗಳು ತಮ್ಮ ಕಾಜಗಳನ್ನು ಗೇಣು ದೂರದಿಂದ ನೋಡುತ್ತಿದ್ದವು. ಸೊಂಟದ ಸುತ್ತ ಒಂದು ಗುಡಾರ. ತೋಳುಗಳು ಮೊಣಕೈ ತಲುಪುವ ಮೊದಲೇ ಆಸೆ ಬಿಟ್ಟಿದ್ದವು. ಅಂಚು ನೆಲ ಗುಡಿಸುತ್ತಿತ್ತು. ಹನ್ನೆರಡು ವರ್ಷ ನನ್ನನ್ನು ನಡುಗಿಸಿದ ಮೂರ್ತಿಯು ಅದರೊಳಗೆ ನಿಂತು ಕನ್ನಡಿಯನ್ನು ದಿಟ್ಟಿಸುತ್ತಿತ್ತು.

ನನ್ನವಳು ಮೇಜಿನ ಮೇಲಿದ್ದ ನೀಲಿ ಪುಸ್ತಕವನ್ನು ಎತ್ತಿಕೊಂಡು ಓದಿದಳು. “ಹದಿನಾಲ್ಕನೇ ತಾರೀಖು. ಕುತ್ತಿಗೆ ಇಪ್ಪತ್ತೆರಡು, ಭುಜ ಹದಿನೆಂಟು, ಎದೆ ಮೂವತ್ತು, ಸೊಂಟ ನಲವತ್ತಾರು, ತೋಳು ಒಂಬತ್ತು, ಉದ್ದ ಐವತ್ತೈದು. ನೋಡಿ ಮೇಡಂ, ನಾನೇ ಬರೆದಿದ್ದೀನಿ. ಕತ್ತರಿಸೋವಾಗ ಅನುಮಾನ ಬಂತು, ಮನುಷ್ಯರಿಗೆ ಇಂಥ ಕುತ್ತಿಗೆ ಇರುತ್ತಾ ಅಂತ. ಆದ್ರೆ ನನ್ನ ಅನುಮಾನದ ಮೇಲೇ ನನಗೆ ಅನುಮಾನ. ಬರೆದಿರೋದನ್ನ ನಂಬು ಅಂತ ಇವರು ಹೇಳಿದ್ರಲ್ಲ, ನಂಬಿದೆ.”

ಅವಳ ಕೈಯಲ್ಲಿದ್ದುದು ನನ್ನ ಪುಸ್ತಕ. ಹದಿನಾಲ್ಕು, ಕಿಟಕಿಯ ದಿನ. ಐವತ್ತೈದು ನಿಮಿಷ.

ಆಗಲೇ ಮುಂದೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಪರದೆಯನ್ನು ಬಿಟ್ಟು, ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡೆ. ಅದು ತಲೆಕೆಳಗಾಗಿತ್ತೆಂಬುದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು.

“ಕ್ಷಮಿಸಿ ಮೇಡಂ” ಎನ್ನುತ್ತಿದ್ದಳು ನನ್ನವಳು, ಮೆಲ್ಲಗೆ. “ನಾಳೆ ಬೆಳಿಗ್ಗೆ ಬನ್ನಿ, ಮಿಕ್ಕಿರೋ ಬಟ್ಟೆ ಕೊಟ್ಟುಬಿಡ್ತೀನಿ, ಬೇರೆ ಕಡೆ ಹೊಲಿಸಿಕೊಳ್ಳಿ. ಇನ್ನು ನಾನು ಕತ್ತರಿ ಮುಟ್ಟಲ್ಲ.”

ಅವಳು ಕೂಗಾಡಿದ್ದರೆ ನಾನು ನಿಶ್ಚಿಂತನಾಗಿರುತ್ತಿದ್ದೆ. ಕೂಗಲಿಲ್ಲ. ಸಂಜೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಿ, ಅದರ ಮೇಲೆ ಹೊದಿಕೆ ಹಾಕಿದಳು. ಕತ್ತರಿಯನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ದಾರದಿಂದ ಕಟ್ಟಿ, ಕಪಾಟಿನ ಮೇಲೆ ಕೈಗೆಟುಕದ ಕಡೆ ಇಟ್ಟಳು. ಊಟಕ್ಕೆ ಬಡಿಸುತ್ತ ಹೇಳಿದಳು: “ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಇನ್ನು ನಿಮಗೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತೆ.”

ವಿಷಯ ಸ್ಪಷ್ಟವಾಗಿತ್ತು. ನಾನು ಸುಮ್ಮನಿದ್ದರೆ ಅವಳು ತನಗೆ ಬುದ್ಧಿ ಕೆಟ್ಟಿತೆಂದು ನಂಬಿ ಇಪ್ಪತ್ತಾರು ವರ್ಷದ ಕಸುಬನ್ನು ಬಿಡುತ್ತಾಳೆ. ಬಾಯಿ ಬಿಟ್ಟರೆ, ಹೆಂಡತಿಯ ಕೋಪಕ್ಕೆ ಐವತ್ತಕ್ಕೆ ನಲವತ್ತಾರು ಕೊಟ್ಟ ಗಂಡ ಎಂದು ಬಯಲಾಗುತ್ತೇನೆ. ಯಾವುದು ಸರಿಯೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಧೈರ್ಯವಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಮೇಡಂ ಬಂದಾಗ ನಾನು ಅಂಗಡಿಯೊಳಗೆ ಹೋಗಿ, ಮೇಜಿನ ಮುಂದೆ ಕೈಕಟ್ಟಿ ನಿಂತೆ. ಮೂವತ್ತನಾಲ್ಕು ವರ್ಷ ಎಷ್ಟು ಹುಡುಗಿಯರನ್ನು ಹಾಗೆ ನಿಲ್ಲಿಸಿದ್ದೆನೋ!

“ತಪ್ಪು ನನ್ನದು” ಎಂದೆ. “ಆ ಪುಸ್ತಕ ನಿನ್ನದಲ್ಲ. ನನ್ನದು.”

“ಏನ್ರೀ ಹೇಳ್ತಾ ಇದ್ದೀರಿ?”

ಕಪಾಟಿನಿಂದ ಅವಳ ನಿಜವಾದ ಪುಸ್ತಕವನ್ನು ತೆಗೆದು ಹದಿನಾಲ್ಕನೆಯ ತಾರೀಖನ್ನು ತೋರಿಸಿದೆ. ಕುತ್ತಿಗೆ ಹದಿನೈದು, ತೋಳು ಇಪ್ಪತ್ತೆರಡು, ಮನುಷ್ಯರ ಅಳತೆ. ಅವಳು ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟುಕೊಂಡಳು. ಕನ್ನಡಕ ಹಾಕಿಕೊಂಡಳು.

“ಹಾಗಾದ್ರೆ ಈ ಇಪ್ಪತ್ತೆರಡು ಯಾರ ಕುತ್ತಿಗೆ?”

“ನಿನ್ನದೇ. ಅಂದರೆ… ಬಿಸಿ ಏರಿದ್ದಕ್ಕೆ. ಐವತ್ತಕ್ಕೆ.”

“ಸೊಂಟ ನಲವತ್ತಾರು?”

ನಾನು ಗೋಡೆಯನ್ನು ನೋಡಿದೆ. “ಕೋಪ.”

“ಐವತ್ತಕ್ಕೆ ನಲವತ್ತಾರಾ!”

“ಡಿಸ್ಟಿಂಕ್ಷನ್” ಎಂದರು ಹೆಡ್‌ಮೇಡಂ, ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತ. ಬಟ್ಟೆ ಒಯ್ಯುವ ಆತುರ ಅವರಲ್ಲಿ ಕಾಣಲಿಲ್ಲ.

“ಉದ್ದ ಐವತ್ತೈದು?”

“ಜಗಳ. ನಿಮಿಷಗಳಲ್ಲಿ.”

“ನೋಡಿ ಮೇಡಂ, ಅವತ್ತು ನಾನು ಮಾತಾಡಿದ್ದು ಐದು ನಿಮಿಷ. ಮಿಕ್ಕಿದ ಐವತ್ತು ಇವರ ವಿವರಣೆ! ಎದೆ ಮೂವತ್ತು ಏನ್ರೀ?”

“ಎದೆ ಡವಗುಟ್ಟಿತ್ತಲ್ಲ. ಸಂಜೆಯೆಲ್ಲ ನೀನು ಮತ್ತೆ ಮತ್ತೆ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದೆ.”

“ಗುಂಡುಸೂಜಿ ಸಿಕ್ಕಿಸಿಕೊಳ್ತಾ ಇದ್ದೆ ಕಣ್ರೀ! ಹೊಲಿಯೋರು ಸೂಜಿ ಎಲ್ಲಿ ಇಟ್ಟುಕೊಳ್ತಾರೆ? ಇಪ್ಪತ್ತಾರು ವರ್ಷದಿಂದ ನೋಡಿಲ್ವಾ? ಕೋಪ ಅಂತೆ, ಕೋಪ! ಅವತ್ತು ಬೆಳಗಿನ ಜಾವ ಮೂರರಿಂದ ಎಚ್ಚರವಾಗಿದ್ದೆ, ಬೆನ್ನು ಪೂರ್ತಿ ಒದ್ದೆ, ಎರಡು ಸಲ ಬಟ್ಟೆ ಬದಲಾಯಿಸಿದೆ. ನಿದ್ದೆಗೆ ಒಂದು ಮನೆ ಇಲ್ವಾ ನಿಮ್ಮ ಪುಸ್ತಕದಲ್ಲಿ?”

“ನೀನು ಚೆನ್ನಾಗಿ ನಿದ್ರೆ ಮಾಡುತ್ತೀಯೆಂದು ತಿಳಿದಿದ್ದೆ.”

“ಹೇಗೆ ತಿಳಿದ್ರಿ?”

“ನಾನು ಎದ್ದಾಗಲೆಲ್ಲ…” ಎಂದು ನಿಲ್ಲಿಸಿದೆ. ನಾನು ಏಳುವುದೇ ಇಲ್ಲವೆಂಬುದು ಆಗ ಹೊಳೆಯಿತು.

ಅವಳ ಬೆರಳು ಸಾಲಿನಲ್ಲಿ ಸರಿಯುತ್ತ ನಿಂತಿತು. “ತೋಳು. ಒಂಬತ್ತು.”

ನಾನು ಮೇಜಿನ ಮೇಲಿದ್ದ ಸುಣ್ಣದ ಬಿಲ್ಲೆಯನ್ನು ಸರಿಸಿ ಇಟ್ಟೆ.

“ಇದೇನು ಹೇಳಿ.”

“ಅಕ್ಕರೆ.”

ಅವಳು ಕನ್ನಡಕ ತೆಗೆದಳು.

“ಒಂಬತ್ತಾ?” ಎಂದಳು.

“ಆ ದಿನ ನಿನ್ನ ಭುಜದ ಮೇಲೆ ಕೈಯಿಟ್ಟೆ. ನೀನು ಕೊಡವಿಬಿಟ್ಟೆ. ಹಿಂದಿನ ದಿನವೂ ಹಾಗೆಯೇ. ನನಗೆ… ಪಾಸು ಮಾಡಲಾಗಲಿಲ್ಲ.”

“ಮೈಯೆಲ್ಲ ಉರೀತಾ ಇರುತ್ತೆ ಕಣ್ರೀ. ಸೀರೆಯ ಸೆರಗು ತಾಗಿದ್ರೂ ಸಹಿಸೋಕಾಗಲ್ಲ. ನಿಮ್ಮ ಕೈ ಅಂತ ಅಲ್ಲ. ಅದನ್ನ ಹೇಗೆ ಹೇಳೋದು ಅಂತಾನೂ ತಿಳೀಲಿಲ್ಲ.” ಪುಸ್ತಕವನ್ನು ಮುಚ್ಚಿ, “ಕೇಳಬಹುದಾಗಿತ್ತಲ್ಲ ನೀವು” ಎಂದಳು.

ಐವತ್ತಕ್ಕೆ ಅಂಕ ಕೊಡುವುದು ನನಗೆ ಗೊತ್ತಿತ್ತು. ಕೇಳುವುದು ಗೊತ್ತಿರಲಿಲ್ಲ.

ಆಗ ಅವಳಿಗೆ ಏನೋ ಹೊಳೆಯಿತು. ಅಳತೆಪಟ್ಟಿಯನ್ನು ಕತ್ತಿನಿಂದ ಎಳೆದು, ಗೂಟದಲ್ಲಿ ನೇತಾಡುತ್ತಿದ್ದ ಆ ಭಯಂಕರ ಕೋಟನ್ನು ಮೇಜಿನ ಮೇಲೆ ಹಾಸಿದಳು. ಕುತ್ತಿಗೆ ಅಳೆದಳು. ಇಪ್ಪತ್ತೆರಡು. ಸೊಂಟ, ನಲವತ್ತಾರು. ತೋಳು, ಒಂಬತ್ತು. ಉದ್ದ, ಐವತ್ತೈದು.

“ಮೇಡಂ! ಕಾಲು ಇಂಚೂ ಆಚೆ ಈಚೆ ಇಲ್ಲ! ಎರಡು ತೋಳೂ ನೋಡಿ, ಒಂದು ಎಡ, ಒಂದು ಬಲ. ಹೊಲಿಗೆ ನೋಡಿ! ಬರೆದಂಗೇ ಕತ್ತರಿಸಿದ್ದೀನಿ. ನನ್ನ ಕೈ ತಪ್ಪಿಲ್ಲ. ನನಗೆ ಬಂದ ಅನುಮಾನಾನೂ ಸರಿಯಾಗೇ ಇತ್ತು!”

ಅವಳು ನಕ್ಕಳು. ವರ್ಷದ ಮೇಲೆ ಆ ನಗುವನ್ನು ಕೇಳಿದೆ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ನಗುತ್ತಲೇ ಕುತ್ತಿಗೆ ಕೆಂಪಾಯಿತು. ಮೇಡಂ ಪಕ್ಕದಲ್ಲಿದ್ದ ನನ್ನ ಪುಸ್ತಕವನ್ನು ತೆಗೆದುಕೊಂಡು ಅವಳಿಗೆ ಗಾಳಿ ಬೀಸಿದರು. ಅದರಿಂದ ಆದ ಏಕೈಕ ಪ್ರಯೋಜನವೆಂದರೆ ಅದು.

“ನನಗೂ ಎರಡು ವರ್ಷ ಮರೆವಿತ್ತು, ಟೈಲರಮ್ಮ” ಎಂದರು ಬೀಸುತ್ತ. “ಪ್ರಾರ್ಥನೆಯ ಹೊತ್ತಲ್ಲಿ ಶಾಲೆಯ ಹೆಸರೇ ಮರೆತು ನಿಂತಿದ್ದೀನಿ. ಹೋಗುತ್ತೆ ಅದು. ತಲೆ ವಾಪಸು ಬರುತ್ತೆ. ಆದ್ರೆ ಡಾಕ್ಟರನ್ನ ಬಿಡಬೇಡಿ. ನಾನು ಅಸಡ್ಡೆ ಮಾಡಿ, ಮೂಳೆ ಸವೆದಿರೋದು ಗೊತ್ತಾಗಿದ್ದೇ ಮಣಿಕಟ್ಟು ಮುರಿದ ಮೇಲೆ.” ಆಮೇಲೆ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಒಂದು ವರ್ಷ ನಿಮಗೆ ಮೂರು ಮೆಮೊ ಕೊಟ್ಟಿದ್ದೆ, ನೆನಪಿದೆಯಾ?”

“ಇದೆ ಮೇಡಂ.” (ಮೂರನ್ನೂ ಇಟ್ಟುಕೊಂಡಿದ್ದೇನೆ.)

“ಅದರಲ್ಲಿ ಎರಡು ಈ ಬಿಸಿಯಿಂದ ಬಂದಿದ್ದು.”

ಹತ್ತು ವರ್ಷಗಳ ಭಾರ ಎದೆಯಿಂದ ಇಳಿದಂತಾಯಿತು. “ಮೂರನೆಯದು, ಮೇಡಂ?”

“ಅದು ನಿಮಗೆ ಸಲ್ಲಬೇಕಾದದ್ದೇ.”

ಮರುದಿನ ಕತ್ತರಿಯನ್ನು ಕೆಳಗೆ ಇಳಿಸಿಕೊಡುವ ಕೆಲಸ ನನಗೆ ಬಿತ್ತು. ಎರಡೇ ದಿನಗಳಲ್ಲಿ ಇನ್ನೊಂದು ಕೋಟು ಸಿದ್ಧವಾಯಿತು. ಬೀಳ್ಕೊಡುಗೆಯ ದಿನ ಮೇಡಂ ಅದನ್ನು ಧರಿಸಿ ವೇದಿಕೆಯ ಮೇಲೆ ನಿಂತಾಗ, ಅವರ ಭುಜದ ಹೊಲಿಗೆಯ ಮೇಲೆ ಒಂದು ನೊಣವೂ ಜಾರುವಂತಿತ್ತು. ಭಾಷಣದಲ್ಲಿ ಅವರು ಕೋಟಿನ ಕಥೆಯನ್ನು ಹೇಳಿದರು. ಮೊದಲ ಕೋಟಿನದು. ನನ್ನ ಹಳೆಯ ವಿದ್ಯಾರ್ಥಿನಿಯರು ಸುಮಾರು ಇನ್ನೂರು ಜನ ಇದ್ದರು.

ಡಾಕ್ಟರ ಬಳಿಗೆ ಅವಳು ಪುಸ್ತಕವಿಲ್ಲದೆ ಹೋದಳು. ಮುಕ್ಕಾಲು ಗಂಟೆ ತಾನೇ ಮಾತನಾಡಿದಳು. ಪರೀಕ್ಷೆಗಳನ್ನೆಲ್ಲ ನೋಡಿಯಾದ ಮೇಲೆ ಔಷಧಿ ಆರಂಭವಾಗಿದೆ. ಬೆಳಿಗ್ಗೆ ನಡೆಯಬೇಕು, ಮೂಳೆಗೆ ಬಲ ಕೊಡುವ ಆಹಾರ ತಿನ್ನಬೇಕು. ಒಂದು ವರ್ಷ ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಕೂಡಲೆ ಬರಬೇಕು. ಬಿಸಿ ಒಂದೇ ದಿನಕ್ಕೆ ಹೋಗುವುದಿಲ್ಲವಂತೆ. ಫ್ಯಾನು ಐದರಲ್ಲೇ ಇದೆ.

ನನ್ನ ಮೇಲೆ ಒಂದು ಕಟ್ಟಪ್ಪಣೆಯಾಗಿದೆ: ಬರೆಯಬಾರದು, ವಿವರಿಸಬಾರದು, ಕೇಳಬೇಕು. ಮೊದಲ ದಿನ ಗಂಟೆಗೊಮ್ಮೆ “ಈಗ ಹೇಗಿದೆ?” ಎಂದು ಕೇಳಿದೆ. “ನೀವು ಕೇಳೋವರೆಗೂ ಚೆನ್ನಾಗಿತ್ತು” ಎಂದಳು. ಕೇಳುವುದೆಂದರೆ ಪ್ರಶ್ನೆ ಕೇಳುವುದಲ್ಲ, ಕಿವಿಯಿಂದ ಕೇಳುವುದು ಎಂದು ಆಮೇಲೆ ತಿಳಿಯಿತು. ಅರವತ್ತಮೂರನೆಯ ವಯಸ್ಸಿನಲ್ಲಿ ಹೊಸ ಅಂಗವೊಂದನ್ನು ಬಳಸಲು ಕಲಿಯುವುದು ಎಷ್ಟು ಕಷ್ಟವೆಂಬುದನ್ನು ಯಾರೂ ಯೋಚಿಸುವುದಿಲ್ಲ.

ನಿನ್ನೆ ಮಧ್ಯಾಹ್ನ ಎದುರುಮನೆಯ ಗಡಿಯಾರ ರಿಪೇರಿಯವರು ಬಂದರು. ಮೆತ್ತಗಿನ ಮನುಷ್ಯ. ಬಾಗಿಲ ಬಳಿಯೇ ನಿಂತು, ದನಿ ತಗ್ಗಿಸಿ, “ಸಾರ್, ನಮ್ಮ ಮನೆಯವರಿಗೂ… ನಿಮ್ಮ ಮನೆಯವರ ಹಾಗೇ… ನನಗೇನು ಮಾಡಬೇಕೋ ಗೊತ್ತಾಗ್ತಾ ಇಲ್ಲ. ನಿಮಗೆ ಅನುಭವ ಆಗಿದೆಯಂತಲ್ಲ” ಎಂದರು.

ನಿವೃತ್ತನಾಗಿ ಮೂರು ವರ್ಷಗಳಾಗಿದ್ದವು. ಒಬ್ಬ ವಿದ್ಯಾರ್ಥಿ ತಾನಾಗಿಯೇ ಬಾಗಿಲಿಗೆ ಬಂದು ನಿಂತಿದ್ದನು! ಕುರ್ಚಿ ಹಾಕಿದೆ, ಗಂಟಲು ಸರಿಪಡಿಸಿಕೊಂಡೆ, ಮಫ್ಲರನ್ನೂ ಬಿಚ್ಚಿದೆ.

“ಮೊಟ್ಟಮೊದಲನೆಯದಾಗಿ, ಕೇಳಬೇಕು” ಎಂದೆ. “ನಾವು ಗಂಡಸರು ಮಾಡುವ ಮಹಾಪರಾಧವೆಂದರೆ ಕೇಳದೆ ಇರುವುದು. ಇದರಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯ ಹಂತ…”

ಎಷ್ಟು ಹೊತ್ತು ಹೇಳಿದೆನೋ ತಿಳಿಯದು. ಮೂರನೆಯ ಹಂತದಲ್ಲಿದ್ದಾಗ ಗಡಿಯಾರದವರು ಕುರ್ಚಿಯಲ್ಲಿ ಚಡಪಡಿಸಿದರು.

“ಸಾರ್, ಒಳಗಿಂದ ಟೈಲರಮ್ಮ ಕರೀತಾ ಇರೋ ಹಾಗಿದೆ.”

“ಸ್ವಲ್ಪ ಇರಿ, ಮುಖ್ಯವಾದ ಅಂಶಕ್ಕೆ ಬರುತ್ತಿದ್ದೇನೆ. ಹೆಂಡತಿಯ ದನಿಯಲ್ಲಿರುವ ಸಣ್ಣ ವ್ಯತ್ಯಾಸವನ್ನೂ ಗಂಡನ ಕಿವಿಯು…”

“ಆಗಿಂದ ಕರೀತಿದ್ದಾರೆ ಸಾರ್.”

“ಹೌದೆ? ಸರಿ, ನಾಲ್ಕನೆಯ ಹಂತ…”

ಅವರು ಎದ್ದು ಒಳಗೆ ಹೋದರು. ಕೋಣೆಯ ಕಿಟಕಿಯ ಬಾಗಿಲು ಉಬ್ಬಿಕೊಂಡು ಕಚ್ಚಿಹೋಗಿತ್ತಂತೆ. ಒಳಗೆ ದಢಾರೆಂದು ಕಿಟಕಿ ತೆರೆದ ಶಬ್ದ. ಆಮೇಲೆ ಲೋಟಕ್ಕೆ ನೀರು ಬಗ್ಗಿಸಿದ ಶಬ್ದ. ಆಮೇಲೆ ಏನೂ ಇಲ್ಲ. ನಾನು ಬಾಗಿಲಿಗೆ ಹೋಗಿ ನೋಡಿದೆ. ನನ್ನವಳು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕುಳಿತಿದ್ದಳು. ಕೆನ್ನೆ ಕೆಂಡದಂತಿತ್ತು, ಹಣೆಯ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಗಡಿಯಾರದವರು ಲೋಟ ಹಿಡಿದುಕೊಂಡು, ಒಂದು ಮಾತೂ ಆಡದೆ, ಪಕ್ಕದಲ್ಲಿ ನಿಂತಿದ್ದರು. ಅವಳು ಮಾತಾಡುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ಅವಳು ನನ್ನನ್ನು ನೋಡಿದಳು, ಬಯ್ಯಲಿಲ್ಲ. ಬಯ್ಯುವುದು ಎಷ್ಟು ಸಣ್ಣ ಶಿಕ್ಷೆಯೆಂಬುದು ನನಗೆ ಆಗ ತಿಳಿಯಿತು.

ಹೊರಡುವಾಗ ಗಡಿಯಾರದವರು ಚಪ್ಪಲಿ ಮೆಟ್ಟಿಕೊಂಡು, ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದರು. ಅವರ ಮುಖದಲ್ಲಿ ಕುಚೋದ್ಯದ ಲವಲೇಶವೂ ಇರಲಿಲ್ಲ.

“ದೊಡ್ಡ ಉಪಕಾರವಾಯ್ತು ಸಾರ್. ಏನು ಮಾಡಬಾರದು ಅಂತ ಚೆನ್ನಾಗಿ ಅರ್ಥವಾಯ್ತು.”

ಮೂವತ್ತನಾಲ್ಕು ವರ್ಷಗಳಲ್ಲಿ ನನ್ನ ಪಾಠವನ್ನು ಇಷ್ಟು ಬೇಗ ಗ್ರಹಿಸಿದ ವಿದ್ಯಾರ್ಥಿ ನನಗೆ ಇನ್ನೊಬ್ಬ ಸಿಕ್ಕಿರಲಿಲ್ಲ.